ಪಕ್ಕದ ಮನೆಗೆ ಹೋಗಿ ಓದಿದ ಕಾಗದ

ಕೃತಜ್ಞತೆಯ ಬಗ್ಗೆ ನನಗೆ ಸರ್ಕಾರಿ ತರಬೇತಿಯಾಗಿದೆ. ಹಾಸನದಲ್ಲಿ, ಮೂರು ದಿನ, ಮಧ್ಯಾಹ್ನದ ಊಟ ಸಮೇತ. ಪ್ರಮಾಣಪತ್ರವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ. ಹಾಗಾಗಿ ಈ ವಿಷಯದಲ್ಲಿ ಮಾತಾಡಲು ನಿನಗೇನು ಯೋಗ್ಯತೆ ಎಂದು ಯಾರೂ ಕೇಳುವಂತಿಲ್ಲ. ಆ ತರಬೇತಿ ಮುಗಿಸಿಕೊಂಡು ಬಂದು ನಾನು ಮಾಡಿದ ಅನಾಹುತವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಗಣಿತದ ಟೀಚರು. ಬಾಡಿಗೆ ಮನೆ ಹೊಳೆನರಸೀಪುರದಲ್ಲಿ, ಶಾಲೆ ಮಲ್ಲಿಪಟ್ಟಣದ ಆಚೆ. ಬೆಳಿಗ್ಗೆ ಅರಕಲಗೂಡಿಗೆ ಒಂದು ಬಸ್ಸು, ಅಲ್ಲಿಂದ ಮುಂದಕ್ಕೆ ಇನ್ನೊಂದು. ಎರಡನೆಯದು ಸಿಕ್ಕರೆ ಪ್ರಾರ್ಥನೆಗೆ ಇರುತ್ತೇನೆ, ಸಿಗದಿದ್ದರೆ ಹೆಡ್‌ಮಾಸ್ಟರ ಮುಖ ನೋಡಬೇಕಾಗುತ್ತದೆ. ಇಷ್ಟು ವರ್ಷ ಇದೇ ರಸ್ತೆಯಲ್ಲಿ ಓಡಾಡಿದವಳ ಸ್ವಭಾವ ಸ್ವಲ್ಪ ಖಾರವಾಗಿದ್ದರೆ ಅದು ನನ್ನೊಬ್ಬಳ ತಪ್ಪಲ್ಲ.

ತರಬೇತಿ ಕೊಡಲು ಬಂದಿದ್ದವನಿಗೆ ಮೂವತ್ತು ದಾಟಿರಲಿಲ್ಲ. ಕೆನ್ನೆಗೆ ಅಂಟಿಕೊಂಡ ಮೈಕು ಹಾಕಿಕೊಂಡಿದ್ದ. ನಲವತ್ತು ಜನ ಕೂರುವ ಕೋಣೆಗೆ ಮೈಕು ಯಾಕಪ್ಪ ಎಂದು ಕೇಳಲು ನಾನು ಎದ್ದೆ. ಪಕ್ಕದಲ್ಲಿದ್ದ ಹಿಂದಿ ಮೇಡಂ ಸೆರಗು ಜಗ್ಗಿ ಕೂರಿಸಿದರು. ಮೂರನೆಯ ದಿನ ಆತ ಎಲ್ಲರೂ ಕಣ್ಣು ಮುಚ್ಚಿ ಎಂದ. ನಿಮಗೆ ಉಪಕಾರ ಮಾಡಿದ, ಆದರೆ ನೀವು ಇನ್ನೂ ಧನ್ಯವಾದ ಹೇಳಿಲ್ಲದ ಒಬ್ಬರನ್ನು ನೆನೆಸಿಕೊಳ್ಳಿ ಎಂದ. ಅವರಿಗೊಂದು ಕಾಗದ ಬರೆಯಬೇಕು, ಅವರ ಮನೆಗೇ ಹೋಗಿ ಎದುರು ನಿಂತು ಓದಬೇಕು, ಆಮೇಲೆ ವರದಿಯನ್ನು ಫೋಟೋ ಸಮೇತ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಕೃತಜ್ಞತೆಗೆ ಕಡೆಯ ಗಡುವು ಸೋಮವಾರ ಸಂಜೆ ಐದು ಗಂಟೆ.

ನಾನು ಕಣ್ಣು ಮುಚ್ಚಿದ್ದು ಒಂದು ಸಣ್ಣ ನಿದ್ದೆ ತೆಗೆಯೋಣವೆಂದು. ಊಟಕ್ಕೆ ಪಾಯಸ ಬೇರೆ ಇತ್ತು. ಆದರೆ ನಿದ್ದೆ ಬರಲಿಲ್ಲ, ಪಕ್ಕದ ಮನೆಯವರು ಬಂದರು.

ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಆತ ಕಾಯಿ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುತ್ತಾರೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಹೊಡೆದು, ಮೂರು ತಿರುವಿಗೆ ಸಿಪ್ಪೆ ಬಿಡಿಸಿ ಆಚೆ ಎಸೆಯುವ ಕೆಲಸ. ಆಕೆ ಅಕ್ಕಿ ಮಿಲ್ಲಿಗೆ ಹೋಗುತ್ತಾರೆ. ಇಬ್ಬರೂ ನಮಗಿಂತ ನಾಲ್ಕೈದು ವರ್ಷ ದೊಡ್ಡವರು. ನಾನು ಅಣ್ಣ, ಅಕ್ಕ ಎನ್ನುತ್ತೇನೆ. ಅವರು ನನ್ನನ್ನು ಅವ್ವ ಎಂದೂ ನಮ್ಮ ಮನೆಯವರನ್ನು ಸಾ ಎಂದೂ ಕರೆಯುತ್ತಾರೆ. ಹದಿನಾಲ್ಕು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ.

ತರಬೇತಿಗೆ ನಾಲ್ಕು ತಿಂಗಳ ಮುಂಚೆ ನಮ್ಮ ಮನೆಯವರು ಶಾಂತಿಗ್ರಾಮದಲ್ಲಿ ಬಸ್ಸು ನಿಲ್ಲುವ ಮೊದಲೇ ಇಳಿದರು. ಅವರ ಕೆಲಸ ಚನ್ನರಾಯಪಟ್ಟಣದಲ್ಲಿ. ಆಫೀಸಿನ ಕಾಗದಪತ್ರ ಹಿಡಿದು ಹಾಸನಕ್ಕೆ ಹೊರಟಿದ್ದವರು, ರಸ್ತೆ ಬದಿಯಲ್ಲಿ ಎಳೆ ಸೌತೆಕಾಯಿ ಕಂಡು ಇಳಿದರಂತೆ. ತೊಡೆಯ ಮೂಳೆ ಮುರಿಯಿತು. ಹಾಸನದಲ್ಲಿ ರಾಡು ಹಾಕಿ, ಮೂರು ತಿಂಗಳು ಕಾಲು ಊರಬಾರದು ಎಂದರು. ಸೌತೆಕಾಯಿನಾದರೂ ತಿಂದಿರಾ ಎಂದು ಆಸ್ಪತ್ರೆಯಲ್ಲಿ ಕೇಳಿದೆ. ಇಲ್ಲ ಎಂದರು.

ನನ್ನ ರಜೆ ಹದಿನೈದು ದಿನದಲ್ಲಿ ಮುಗಿಯಿತು. ಮಗಳು ಹಾಸ್ಟೆಲಿನಲ್ಲಿ, ಅವಳಿಗೆ ಪರೀಕ್ಷೆ. ಎಂಬತ್ತು ಕೆಜಿಯ ಗಂಡಸನ್ನು ಹಾಸಿಗೆಯಿಂದ ಎಬ್ಬಿಸಿ ಬಚ್ಚಲಿಗೆ ಕರೆದುಕೊಂಡು ಹೋಗಲು ನನ್ನಿಂದ ಆಗುತ್ತಿರಲಿಲ್ಲ. ನಾನು ಯಾರನ್ನೂ ಕೇಳಲಿಲ್ಲ. ಶಾಲೆಗೆ ಹೊರಡಬೇಕಾದ ಮೊದಲ ಬೆಳಿಗ್ಗೆ ಆರು ಗಂಟೆಗೆ ಅಣ್ಣ ಒಳಗೆ ಬಂದರು. ಶರಟಿಗೆಲ್ಲ ಹಿಂದಿನ ದಿನದ ನಾರು ಅಂಟಿತ್ತು. ನಡೀರಿ ಸಾ ಎಂದು ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಬಚ್ಚಲಿಗೆ ಕರೆದೊಯ್ದರು, ತೊಳೆಸಿದರು, ಬಟ್ಟೆ ಹಾಕಿದರು, ತಂದು ಕೂರಿಸಿ ಮಂಡಿಗೆ ಹೋದರು. ಮಾರನೆಯ ದಿನವೂ ಬಂದರು. ಮೂರು ತಿಂಗಳಲ್ಲಿ ಒಂದು ದಿನ ತಪ್ಪಲಿಲ್ಲ. ನಮ್ಮ ಮನೆಯವರು ಮೊದಲ ವಾರ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೇ ಇದ್ದರು. ಎರಡನೆಯ ವಾರ ಇಬ್ಬರೂ ಬಚ್ಚಲಿನಲ್ಲೇ ರಾಜಕೀಯ ಮಾತಾಡತೊಡಗಿದರು. ಮಧ್ಯಾಹ್ನ ಅಕ್ಕ ಮಿಲ್ಲಿನಿಂದ ಊಟಕ್ಕೆ ಬಂದವರು ಇವರಿಗೂ ಬಿಸಿ ಮುದ್ದೆ ತಂದಿಟ್ಟು, ಮೂಳೆ ಕೂಡಬೇಕಾದರೆ ಉಣ್ಣಬೇಕು ಎಂದು ಗದರಿ, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದರು.

ನಾನು ಒಮ್ಮೆಯೂ ಥ್ಯಾಂಕ್ಸ್ ಎನ್ನಲಿಲ್ಲ. ಎನ್ನಬಾರದು ಎಂದಲ್ಲ. ನಮ್ಮ ಕಡೆ ಆ ಮಾತು ಬ್ಯಾಂಕಿನ ಕೌಂಟರಿನಲ್ಲಿ ನಡೆಯುತ್ತದೆ, ಸಭೆಯ ಕೊನೆಯಲ್ಲಿ ನಡೆಯುತ್ತದೆ, ಗೋಡೆಯಾಚೆಯವರ ಮುಖ ನೋಡಿ ಅನ್ನಲು ನಾಲಿಗೆ ಏಳುವುದಿಲ್ಲ. ಬಂದ್ರಾ, ಕಾಫಿ ಕುಡೀರಿ, ಉಂಡ್ರಾ, ಇಷ್ಟರಲ್ಲೇ ಎಲ್ಲವೂ ಆಗಬೇಕು. ಆದರೆ ಆ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಾಗ ನನ್ನ ಎದೆ ತುಂಬಿ ಬಂತು, ಇದನ್ನು ಹೇಳಲೇಬೇಕು ಅನ್ನಿಸಿತು. ಮೈಕಿನ ಹುಡುಗ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಕಾರ್ಯಗತ ಮಾಡಿದವಳು ನಾನು.

ಭಾನುವಾರ ಬೆಳಿಗ್ಗೆ ಎರಡು ಪುಟ ಬರೆದೆ. ನಿಮ್ಮ ಉಪಕಾರವನ್ನು ಈ ಜನ್ಮದಲ್ಲಿ ಮರೆಯಲಾರೆವು, ಇಷ್ಟು ವರ್ಷ ನಿಮ್ಮ ನೆರೆಯಲ್ಲಿ ಬಾಳಿದ್ದು ನಮ್ಮ ಪುಣ್ಯ, ಹೀಗೆ. ಕೊನೆಗೆ, ನಮ್ಮಿಂದೇನಾದರೂ ತಪ್ಪಾಗಿದ್ದರೆ ಮನಸ್ಸಿನಲ್ಲಿಟ್ಟುಕೊಳ್ಳಬೇಡಿ ಎಂದೂ ಸೇರಿಸಿದೆ. ಬರಿಗೈಯಲ್ಲಿ ಹೋಗುವುದು ಹೇಗೆಂದು ಅಣ್ಣನಿಗೊಂದು ಶಾಲು ತೆಗೆದುಕೊಂಡೆ. ಅಕ್ಕನಿಗೆ ತಟ್ಟೆಯಲ್ಲಿ ಅರಿಶಿನ ಕುಂಕುಮ, ರವಿಕೆ ಕಣ, ಎಲೆ ಅಡಿಕೆ, ಬಾಳೆಹಣ್ಣು. ಇದ್ಯಾವುದನ್ನೂ ತರಬೇತಿಯಲ್ಲಿ ಹೇಳಿರಲಿಲ್ಲ. ನನ್ನ ಸ್ವಂತ ಬುದ್ಧಿ.

ನಾನು ಕಾಗದ ಬಿಚ್ಚಿದ ಕೂಡಲೇ ಅಣ್ಣ ಕೂತಿದ್ದವರು ಎದ್ದು ನಿಂತರು. ಓದಿ ಮುಗಿಸುವವರೆಗೂ ಕೈಕಟ್ಟಿ ನಿಂತೇ ಇದ್ದರು. ಮುಗಿದ ಮೇಲೆ ಎಲ್ಲಿ ಸೈನು ಹಾಕಬೇಕು ಎಂದು ಕೇಳಿದರು. ಸೈನು ಬೇಡ ಅಣ್ಣ ಎಂದು ಶಾಲು ಹೊದಿಸಿದೆ. ಅಕ್ಕ ಕುಂಕುಮ ಇಟ್ಟುಕೊಂಡರು, ಕಣವನ್ನು ಕಣ್ಣಿಗೊತ್ತಿಕೊಂಡರು. ನಮ್ಮ ಮನೆಯವರು ಒಂದು ಕೈಯಲ್ಲಿ ಕೋಲು ಹಿಡಿದು ಇನ್ನೊಂದರಲ್ಲಿ ಫೋಟೋ ತೆಗೆದರು. ಅದರಲ್ಲಿ ಅಕ್ಕನ ಕಣ್ಣು ತುಂಬಿರುವುದು ಚೆನ್ನಾಗಿ ಕಾಣುತ್ತದೆ. ಗ್ರೂಪಿನಲ್ಲಿ ಆ ಫೋಟೋಗೆ ಹದಿನೇಳು ಜನ ಕೈಮುಗಿದರು.

ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಅಕ್ಕ ನಮ್ಮ ಪಾತ್ರೆಗಳನ್ನು ತಂದರು. ಹದಿನಾಲ್ಕು ವರ್ಷದಲ್ಲಿ ಅಲ್ಲಿಗೆ ಹೋಗಿ ಅಲ್ಲೇ ಉಳಿದಿದ್ದವು. ಒಂದು ಕುಕ್ಕರಿನ ಡಬ್ಬಿ, ಎರಡು ಸ್ಟೀಲು ಬೋಗುಣಿ, ನಾನು ಕಳೆದೇಹೋಯಿತೆಂದು ಬಿಟ್ಟಿದ್ದ ಜಾಲರಿ. ಬರಿ ಪಾತ್ರೆ ಕೊಡಬಾರದೆಂದು ಒಂದರಲ್ಲಿ ಅಕ್ಕಿ, ಒಂದರಲ್ಲಿ ಬೆಲ್ಲ, ಒಂದರಲ್ಲಿ ಅವರೆಕಾಳು. ನಮ್ಮ ಮನೆಯಲ್ಲಿ ಅವರದೇನಾದರೂ ಇದ್ದರೆ ನಿಧಾನಕ್ಕೆ ಕೊಟ್ಟರಾಯಿತು, ಅವಸರವಿಲ್ಲ ಎಂದರು. ನನಗೆ ಖುಷಿಯಾಯಿತು. ಬಸ್ಸಿನಲ್ಲಿ ಕೂತು ವರದಿ ಬರೆದೆ. ಪರಿಣಾಮ ಎಂಬ ಜಾಗದಲ್ಲಿ, ನೆರೆಹೊರೆಯವರಲ್ಲಿ ಜವಾಬ್ದಾರಿ ಹೆಚ್ಚಿರುವುದು ಕಂಡುಬಂದಿದೆ ಎಂದು ಹಾಕಿದೆ.

ಆ ವಾರ ಅಣ್ಣ ಸಂಜೆ ನಮ್ಮ ಜಗಲಿಗೆ ಬರಲಿಲ್ಲ. ಅಕ್ಕ ಸಿಕ್ಕರೆ ನಕ್ಕು ಒಳಗೆ ಹೋಗುತ್ತಿದ್ದರು. ಕೆಲಸ ಜಾಸ್ತಿ ಇರಬೇಕು ಎಂದುಕೊಂಡೆ. ಗುರುವಾರ ಹಾಲಿನವನು ಯಾವತ್ತಿನವರೆಗೆ ಹಾಕಲಿ ಎಂದು ಕೇಳಿದ. ನೀನು ಬದುಕಿರುವವರೆಗೂ ಹಾಕು ಎಂದೆ. ಅವನೂ ನಕ್ಕು ಹೋದ. ಆಗಲಾದರೂ ನನಗೆ ತಿಳಿಯಬೇಕಿತ್ತು.

ಮುಂದಿನ ಭಾನುವಾರ ಮನೆಯ ಓನರು ಅರಕಲಗೂಡಿನಿಂದ ಬಂದರು. ಜೊತೆಗೆ ಗಂಡ ಹೆಂಡತಿ ಒಂದು ಜೋಡಿ. ಆ ಹೆಂಗಸು ಚಪ್ಪಲಿ ಬಿಟ್ಟು ನೇರ ನನ್ನ ಅಡುಗೆಮನೆಗೆ ಹೋಗಿ, ಫ್ರಿಜ್ಜು ಇಲ್ಲಿಟ್ಟರೆ ಬಾಗಿಲು ತೆಗೆಯಲು ಆಗಲ್ಲ ಅಲ್ವಾ ಎಂದು ತನ್ನ ಗಂಡನನ್ನು ಕೇಳಿದಳು. ಸ್ಟವ್ ಮೇಲೆ ನನ್ನ ಸಾರು ಕುದಿಯುತ್ತಿತ್ತು. ನೀವು ಯಾರಮ್ಮ ಎಂದೆ. ಹೊಸ ಬಾಡಿಗೆಯವರು ಎಂದಳು. ಓನರು ಬಾಗಿಲಲ್ಲಿ ನಿಂತು ಬಹಳ ಬೇಸರದಿಂದ, ಹದಿನಾಲ್ಕು ವರ್ಷ ಇದ್ದವರು ನನಗೆ ಒಂದು ಮಾತು ಹೇಳಬೇಕಿತ್ತು, ಬೀದಿಯವರಿಂದ ತಿಳಿಯಬೇಕಾಯಿತು ಎಂದರು.

ಆಗ ಹೊಳೆಯಿತು. ನಮ್ಮ ಬೀದಿಯಲ್ಲಿ ಬಾಡಿಗೆಯವರು ಮನೆ ಖಾಲಿ ಮಾಡುವಾಗ ಅಕ್ಕಪಕ್ಕದವರ ಮನೆಗೆ ಹೋಗುತ್ತಾರೆ. ಹೆಂಗಸರಿಗೆ ಕುಂಕುಮ, ಕಣ ಕೊಡುತ್ತಾರೆ. ತಪ್ಪಾಗಿದ್ದರೆ ಮನಸ್ಸಿನಲ್ಲಿಟ್ಟುಕೊಳ್ಳಬೇಡಿ ಎನ್ನುತ್ತಾರೆ. ಋಣ ಇದ್ದಷ್ಟು ದಿನ ಇದ್ದೆವು ಎನ್ನುತ್ತಾರೆ, ಹೋಗುತ್ತಾರೆ. ಬೇರೆ ಇನ್ಯಾವ ಸಂದರ್ಭದಲ್ಲೂ ಯಾರೂ ಆ ತಟ್ಟೆ ಹಿಡಿದು, ಆ ಮಾತು ಆಡುವುದಿಲ್ಲ. ನಾನೇ ನಾಲ್ಕು ಮನೆಯವರಿಂದ ಆ ಕಣ ಇಸಿದುಕೊಂಡಿದ್ದೇನೆ. ಇಷ್ಟೂ ಗೊತ್ತಿದ್ದು, ಅದರ ಮೇಲೊಂದು ಶಾಲು ಬೇರೆ ಹೊದಿಸಿ ಬಂದಿದ್ದೆ. ಶಾಲೆಯಲ್ಲಾದರೂ ಶಾಲು, ಎರಡು ಪುಟದ ಹೊಗಳಿಕೆ ಬರುವುದು ವರ್ಗವಾದವರಿಗೆ ಅಥವಾ ನಿವೃತ್ತಿಯಾದವರಿಗೆ. ಗಣಿತದ ಟೀಚರಿಗೆ ಎರಡಕ್ಕೆ ಎರಡು ಕೂಡಿಸಲು ಬರಲಿಲ್ಲ.

ಹೊಸ ಬಾಡಿಗೆಯವರನ್ನು ಸಾಗಹಾಕಿ, ಓನರಿಗೆ ಕಾಫಿ ಕೊಟ್ಟು, ನಾನು ಪಕ್ಕದ ಮನೆಗೆ ನುಗ್ಗಿದೆ. ಬೈಯಲೆಂದೇ ಹೋದದ್ದು. ಇಷ್ಟು ವರ್ಷ ಇದ್ದು ಒಂದು ಮಾತು ಕೇಳಬಾರದಿತ್ತಾ ಎಂದು ಬಾಗಿಲಿನಿಂದಲೇ ಶುರು ಮಾಡಿದೆ. ಅಣ್ಣ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಲಗೈಗೆ ಮೊಣಕೈವರೆಗೂ ಬಿಳಿ ಬ್ಯಾಂಡೇಜು. ಕೈಯನ್ನು ಒಂದು ದಿಂಬಿನ ಮೇಲೆ ಇಟ್ಟುಕೊಂಡಿದ್ದರು.

ಬುಧವಾರ ಕಾಯಿ ಜಾರಿ ಅಂಗೈ ಮೊನೆಗೆ ಸಿಕ್ಕಿತಂತೆ. ಅರಿಶಿನ ಮೆತ್ತಿ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದು ಮಲಗಿದರು. ಎರಡು ದಿನ ಹಾಗೇ ಇದ್ದರು. ಶುಕ್ರವಾರ ಕೈ ಊದಿ ಬೆರಳು ಮಡಚಲು ಆಗದಾಗ, ಇಬ್ಬರೂ ಒಗೆದ ಬಟ್ಟೆ ಹಾಕಿಕೊಂಡು ಹಾಸನದ ಬಸ್ಸು ಹತ್ತಿದರು. ಇನ್ನೂ ರಜೆಯಲ್ಲಿದ್ದ ನಮ್ಮ ಮನೆಯವರು ಅವರು ಹೋಗುವುದನ್ನು ಕಿಟಕಿಯಿಂದ ನೋಡಿ, ಯಾರದೋ ಮದುವೆ ಇರಬೇಕು ಎಂದುಕೊಂಡರಂತೆ. ಅಲ್ಲಿ ಕೈ ಕೊಯ್ದು ಹೊಲಿದರು. ಆದ ದಿನವೇ ಬಂದಿದ್ದರೆ ಚೆನ್ನಾಗಿತ್ತು, ಈಗ ಎರಡು ಬೆರಳು ಮೊದಲಿನಂತೆ ಮಡಚುವುದು ಅನುಮಾನ ಎಂದು ಡಾಕ್ಟರು ಹೇಳಿದರಂತೆ. ಕಾಯಿ ಸುಲಿಯುವವರಿಗೆ ಅಂಗೈಯೇ ಎಲ್ಲ.

"ಯಾಕಕ್ಕ ಕರೀಲಿಲ್ಲ? ಒಂದು ಗೋಡೆ ಆಚೆ ಇದ್ವಲ್ಲ," ಎಂದೆ.

"ದೊಡ್ಡಾಸ್ಪತ್ರೆ ಅಂದ್ರೆ ನಮಗೇನ್ ಗೊತ್ತಾಯ್ತದವ್ವ. ನಿಮ್ಮನ್ನೇ ಕರಿಯವ ಅಂದೆ. ಇವರೇ ಬ್ಯಾಡ ಅಂದ್ರು. ಋಣ ತೀರುಸ್ಕೊಂಡು ಓಗೋರ್ನ ಇನ್ನೊಂದ್ಸಲ ಯಾಕ್ ಎಳಿತೀಯಾ, ಓಗ್ಲಿ ಬುಡು, ನೆಮ್ಮದಿಯಾಗ್ ಓಗ್ಲಿ ಅಂದ್ರು."

ನಾನು ಅಳುವವಳಲ್ಲ, ಬೈಯುವವಳು. ಅಲ್ಲೇ ಹೊಸಿಲ ಮೇಲೆ ಕೂತು ಅತ್ತೆ. ಆ ಎರಡು ಪುಟ ನಾನು ಓದದೆ ಇದ್ದಿದ್ದರೆ ಬುಧವಾರ ಮಧ್ಯಾಹ್ನವೇ ನಮ್ಮ ಮನೆಯವರು ಕೋಲು ಊರಿಕೊಂಡು ಅಣ್ಣನನ್ನು ಆಟೋದಲ್ಲಿ ಕೂರಿಸಿ ಹಾಸನಕ್ಕೆ ಕರೆದೊಯ್ಯುತ್ತಿದ್ದರು. ಆ ಆಸ್ಪತ್ರೆಯ ಒಂದೊಂದು ಕೌಂಟರೂ ಅವರಿಗೆ ಗೊತ್ತು. ಮೂರು ತಿಂಗಳು ನನ್ನ ಗಂಡನನ್ನು ಎತ್ತಿದ ಕೈ ಅದು. ಅದಕ್ಕೆ ಕೆಟ್ಟ ಹೊತ್ತು ಬಂದಾಗ ನಾನು ವಂದನೆ ಹೇಳಿ ಬಾಗಿಲು ಮುಚ್ಚಿದ್ದೆ. ನಾವು ಎಲ್ಲಿಗೂ ಹೋಗ್ತಿಲ್ಲ ಅಣ್ಣ ಎಂದೆ. ಅಣ್ಣ ದಿಂಬಿನ ಮೇಲಿನ ಕೈ ಸರಿಮಾಡಿಕೊಂಡರು.

"ಮತ್ತೆ ಅದ್ಯಾಕವ್ವ ಓದುದ್ರಿ?"

ಆಫೀಸಿನವರು ಹೇಳಿದ್ದರು ಎಂದೆ. ಅದು ಅವರಿಗೆ ಕೂಡಲೇ ಅರ್ಥವಾಯಿತು. ಆಫೀಸಿನವರು ಹೇಳಿದರೆ ಏನು ಬೇಕಾದರೂ ಮಾಡಬೇಕಾಗುತ್ತದೆ, ನೀವೇನು ಮಾಡುವುದಕ್ಕಾಗುತ್ತದೆ ಎಂದು ನನಗೇ ಸಮಾಧಾನ ಹೇಳಿದರು.

ಆ ದಿನಗಳಲ್ಲಿ ಮಿಲ್ಲಿನಲ್ಲಿ ಕೆಲಸ ಜೋರು, ಅಕ್ಕನಿಗೆ ಮಧ್ಯಾಹ್ನ ಊಟಕ್ಕೂ ಬಿಡುತ್ತಿರಲಿಲ್ಲ. ಅಣ್ಣನ ಬಲಗೈಗೆ ಕೆಲಸವಿಲ್ಲ. ಎಡಗೈಯಲ್ಲಿ ಮುದ್ದೆ ಉಣ್ಣುವುದು ಅವರಿಂದ ಆಗದು, ಚಮಚದಲ್ಲಿ ಮುದ್ದೆ ಯಾರಿಂದಲೂ ಆಗದು. ಹಾಗಾಗಿ ಬನ್ನು ಬಾಳೆಹಣ್ಣು ತಿಂದುಕೊಂಡು ಇದ್ದರು. ಇದು ತಿಳಿದ ಮಾರನೆಯ ದಿನ ನಮ್ಮ ಮನೆಯವರು ಹುಟ್ಟಿದಂದಿನಿಂದ ಮೊದಲ ಸಲ ಎಸರಿಗಿಟ್ಟು ಮುದ್ದೆ ತಿರುವಿದರು. ನಾನು ಶಾಲೆಯಲ್ಲಿದ್ದೆ. ಫೋನಿನಲ್ಲಿ, ಹತ್ತನೇ ತರಗತಿಗೆ ಪಾಠ ಮಾಡುತ್ತಿರುವಾಗ, ನೀರು ಎಷ್ಟು ಎಂದು ಮೂರು ಸಲ ಕೇಳಿದರು. ನಂತರ ತಟ್ಟೆ ಹಿಡಿದು ಕುಂಟಿಕೊಂಡು ಪಕ್ಕದ ಮನೆಗೆ ಹೋಗಿ, ಅಣ್ಣನ ಎದುರು ಕೂತು, ಮುರಿದು, ಸಾರಿನಲ್ಲಿ ಅದ್ದಿ ಬಾಯಿಗೆ ಕೊಟ್ಟರು. ಅಣ್ಣ ಬೇಡ ಸಾ, ಬೇಡ ಸಾ ಎಂದರಂತೆ. ಬಚ್ಚಲಲ್ಲಿ ನಾನು ಹಾಗೇ ಅಂದಿದ್ದೆ, ನೀವು ಕೇಳಿದ್ರಾ ಎಂದರಂತೆ ಇವರು. ಆಮೇಲೆ ಬಾಯಿ ತೆರೆದರಂತೆ.

ಇಪ್ಪತ್ತು ದಿನ ಹೀಗೆ ನಡೆಯಿತು. ಒಂದು ಶನಿವಾರ ಅರ್ಧ ದಿನ ಮುಗಿಸಿ ಬಂದಾಗ ನಾನು ಬಾಗಿಲಲ್ಲಿ ನಿಂತು ನೋಡಿದೆ. ಐವತ್ತೈದು ದಾಟಿದ ಇಬ್ಬರು ಗಂಡಸರು ಎದುರುಬದುರು ಕೂತು, ಒಬ್ಬರ ಮುಖ ಒಬ್ಬರು ನೋಡದೆ ಈ ಕೆಲಸ ಮಾಡುತ್ತಿದ್ದರು. ಬಾಯಲ್ಲಿ ತುತ್ತಿಟ್ಟುಕೊಂಡೇ ಅಣ್ಣ ನನ್ನ ಕಡೆ ತಿರುಗಿ ದೂರು ಹೇಳಿದರು. ಸಾರಿಗೆ ಉಪ್ಪಿಲ್ಲ, ಮುದ್ದೆ ದಿನಾ ಗಂಟು, ತುತ್ತು ನೋಡಿದರೆ ಮಗುವಿಗೆ ಕೊಟ್ಟಂಗೆ ಕೊಡ್ತಾರೆ. ನಮ್ಮ ಮನೆಯವರು ತುತ್ತನ್ನು ದೊಡ್ಡದು ಮಾಡಿದರು. ಇಪ್ಪತ್ತೇಳು ವರ್ಷದಲ್ಲಿ ನನ್ನ ದೂರಿಗೆ ಅವರು ಇಷ್ಟು ಬೇಗ ಸ್ಪಂದಿಸಿದ್ದು ನನಗೆ ನೆನಪಿಲ್ಲ. ಆ ದೂರು ಕೇಳಿ ನನಗೆ ಎಷ್ಟು ಹಿತವಾಯಿತೆಂದರೆ, ಒಳಗೆ ಹೋಗಿ ಸುಮ್ಮನೆ ಉಪ್ಪಿನ ಡಬ್ಬಿ ತಂದಿಟ್ಟೆ.

ಬ್ಯಾಂಡೇಜು ಬಿಚ್ಚಿದರು. ಎರಡು ಬೆರಳು ಡಾಕ್ಟರು ಹೇಳಿದಂತೆಯೇ ಆದವು. ಮಂಡಿಯಲ್ಲಿ ಈಗ ಅಣ್ಣ ಕಾಯಿ ಸುಲಿಯುವುದಿಲ್ಲ, ಲಾರಿಗೆ ತುಂಬುವ ಕಾಯಿಯನ್ನು ಎಣಿಸಿಕೊಳ್ಳುತ್ತಾರೆ. ಅದು ಆಳಿನ ಕೆಲಸವಲ್ಲ ಮೇಸ್ತ್ರಿ ಕೆಲಸ ಎಂದು ಅಕ್ಕ ಬೀದಿಗೆಲ್ಲ ಹೇಳಿದ್ದಾರೆ. ಆದರೆ ಸುಲಿಯುವವರ ಹತ್ತಿರ ಹೋಗಿ ನಿಂತು ನೋಡುತ್ತಾರಂತೆ, ಅದನ್ನೂ ಅಕ್ಕನೇ ಹೇಳಿದರು. ನನ್ನ ಮೇಲೆ ಅವರಿಬ್ಬರಿಗೂ ಕೋಪವಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

ಒಂದು ಸಂಜೆ ಜಗಲಿಯಲ್ಲಿ ಕೂತಾಗ ತಡೆಯಲಾರದೆ ಮತ್ತೆ ಕೇಳಿದೆ. ಕರೆಯುವುದು ಬೇಡ, ಬಾಗಿಲಿಗೆ ಬರುವುದೂ ಬೇಡ, ಮಲಗಿದ್ದಲ್ಲಿಂದಲೇ ಗೋಡೆಗೆ ಒಂದು ಏಟು ಹಾಕಬಾರದಿತ್ತಾ ಅಣ್ಣ ಎಂದೆ. ಅಣ್ಣ ಬೀಡಿಯ ಬೂದಿ ಕೊಡವಿ, ಆಯ್ತು ಬುಡಿ, ಬಡಿಯವ ಎಂದರು. ಮಾತು ಮುಗಿಯಿತು ಎಂದುಕೊಂಡೆ.

ಹೋದ ಭಾನುವಾರ ಊಟ ಮಾಡಿ ಇಬ್ಬರೂ ಅಡ್ಡಾಗಿದ್ದೆವು. ಗೋಡೆಗೆ ಧಡಧಡ ಎಂದು ಏಟು ಬಿತ್ತು. ನಾನು ಎದ್ದು ಬಾಗಿಲಿಗೆ ಬರುವ ಹೊತ್ತಿಗೆ ನಮ್ಮ ಮನೆಯವರು ಕೋಲು ಬಿಟ್ಟು ಬರಿಗಾಲಲ್ಲಿ ಬೀದಿಗಿಳಿದಿದ್ದರು. ಪಕ್ಕದ ಮನೆಯಲ್ಲಿ ಅಣ್ಣ ಚಾಪೆಯ ಮೇಲೆ ಆರಾಮವಾಗಿ ಕೂತಿದ್ದರು. ಅಕ್ಕ ಸೊಪ್ಪು ಬಿಡಿಸುತ್ತಿದ್ದರು. ಏನಾಯ್ತಣ್ಣ ಎಂದೆ.

"ಏನಿಲ್ಲ ಕಣವ್ವ," ಎಂದರು ಅಣ್ಣ. "ಕೇಳುಸ್ತದೋ ಇಲ್ವೋ ಅಂತ ನೋಡ್ದೆ."

ಕೇಳಿಸುತ್ತೆ ಎಂದೆ. ಸರಿ ಹಾಗಾದ್ರೆ, ಹೋಗಿ ಮಲಗಿ ಎಂದರು.